ಉದ್ಯಮಿ ಶಂತನುರಾವ್ ಕಿರ್ಲೋಸ್ಕರ್ ನೇಗಿಲಿನ ಕಾರ್ಖಾನೆ ಬಿಟ್ಟು ಡೀಸೆಲ್ ಎಂಜಿನ್ ಹಿಂದೆ ಹೋಗಿದ್ದು ಯಾಕೆ?

ಬಿಟ್ಟು ಹೋಗಲಿಲ್ಲ, ರೈತನ ಮುಂದಿನ ಅಗತ್ಯದ ಹಿಂದೆ ಹೋದರು: ನೀರು. 1926ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದು ಅಪ್ಪ ಲಕ್ಷ್ಮಣರಾವ್ ಜೊತೆ ಸೇರಿದರು. ಕಬ್ಬಿಣದ ನೇಗಿಲಿಗೆ ಹೆಸರಾದ, ಮಹಾರಾಷ್ಟ್ರದಲ್ಲಿರುವ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರ್‌ವಾಡಿಯಲ್ಲಿ ಪಂಪುಗಳೂ ತಯಾರಾಗುತ್ತಿದ್ದವು. ಆದರೆ ಆ ಪಂಪುಗಳನ್ನು ತಿರುಗಿಸೋಕೆ ಬಹುತೇಕ ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ, ಅಲ್ವಾ? ಡೀಸೆಲ್ ಎಂಜಿನ್‌ಗೆ ಕರೆಂಟಿನ ಹಂಗಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಅದು ಎಷ್ಟು ಬಿಸಿಯಾಗುತ್ತದೆಂದರೆ, ಚಿಮ್ಮಿದ ಡೀಸೆಲ್ ತಾನಾಗೇ ಹತ್ತಿಕೊಳ್ಳುತ್ತದೆ, ಕಿಡಿ ಹಾರಿಸೋ ಪ್ಲಗ್ಗೂ ಬೇಡ. ಬಾವಿ ದಂಡೆಯಲ್ಲಿಟ್ಟು ಹ್ಯಾಂಡಲ್ ಹಾಕಿ ತಿರುಗಿಸಿದರೆ ಆಯ್ತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಅದೇ ವರ್ಷ ಬೆಂಗಳೂರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕೂಡ. ಕರೆಂಟ್ ಇದ್ದ ಕಡೆಗೆ ಮೋಟಾರು, ಇಲ್ಲದ ಕಡೆಗೆ ಎಂಜಿನ್. ಜಾಣ ಲೆಕ್ಕಾಚಾರ ಅಂತ ನನಗನಿಸುತ್ತದೆ.