ನಿಮ್ಮ ಲೇಖನ ಗಿಣ್ಣಿನಿಂದ ಶುರುವಾಗಲಿ

ಸಂಡೂರಿನಿಂದ ನೀವು ಕಳಿಸಿದ ‘ಕಬ್ಬಿಣದ ಕೋಟೆ’ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ, ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಮೈಯ ಕೆಲವು ಪ್ರೋಟೀನುಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಫಂಗಸ್ ಬೆಳೆಯದಂತೆ ತಡೆಯುತ್ತವೆ ಅನ್ನುವುದು ನಿಮ್ಮ ವಿಷಯ. ಬಳ್ಳಾರಿ ಕಡೆಯವರೇ ಬರೆಯಬೇಕಾದ್ದು. ಆದರೆ ಮೊದಲೆರಡು ಪುಟ ಬರೀ ಯುದ್ಧ. ಸೈನಿಕರು, ಬಾಣ, ರಣರಂಗ. ಅಲ್ಲಿ ಹೊಡೆದಾಟ ಎಲ್ಲಿದೆ ಮಾರಾಯರೇ? ಊಟ ಬಚ್ಚಿಡುತ್ತಿದ್ದಾರೆ, ಅಷ್ಟೇ. ಫಂಗಸ್ಸಿಗೂ ಬೆಳೆಯಲು ಕಬ್ಬಿಣ ಬೇಕು, ಅದು ಕೈಗೆ ಸಿಗಬಾರದು.

ದಿನಾ ಅದಿರು ಲಾರಿ ನೋಡುವವರು ನೀವು. ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನು ರಕ್ತದಲ್ಲಿ ಕಬ್ಬಿಣ ಹೊತ್ತು ಓಡಾಡುವ ಲಾರಿ ಅನ್ನಿ, ಸಾಕು. ಒಂದರಲ್ಲಿ ಎರಡೇ ಕಬ್ಬಿಣದ ಪರಮಾಣು ಹಿಡಿಸುತ್ತವೆ. ಆರೋಗ್ಯವಂತರಲ್ಲಿ ಒಟ್ಟು ಜಾಗದ ಮೂರನೇ ಒಂದು ಪಾಲಷ್ಟೇ ತುಂಬಿರುತ್ತದೆ, ಮಿಕ್ಕಿದ್ದು ಖಾಲಿ ಓಡಾಡುತ್ತದೆ, ಹಾಗಾಗಿ ಎಲ್ಲಾದರೂ ಚೂರು ಕಬ್ಬಿಣ ಚೆಲ್ಲಿದರೆ ತಕ್ಷಣ ಎತ್ತಿ ಹಾಕಿಕೊಳ್ಳಲು ಜಾಗ ಇರುತ್ತದೆ.

ಮೂರನೇ ಪುಟಕ್ಕೆ ಬಂದಾಗ ನೆಟ್ಟಗೆ ಕೂತೆ. ಎಮ್ಮೆ ಈದ ಬೆಳಿಗ್ಗೆ, ಅಜ್ಜಿ ಗಿಣ್ಣು ಹಾಲಿಗೆ ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಹಬೆಗಿಟ್ಟು, ಮುಚ್ಚಳದ ನೀರು ತಟ್ಟೆಗೆ ಹನಿಯದಂತೆ ಓರೆಯಾಗಿ ಎತ್ತುವುದು. ಲೇಖನ ಅಲ್ಲಿಂದ ಶುರುವಾಗಲಿ. ಕಬ್ಬಿಣ ಹಿಡಿಯುವ ಇನ್ನೊಂದು ಪ್ರೋಟೀನು ಲ್ಯಾಕ್ಟೋಫೆರಿನ್, ಗಿಣ್ಣು ಹಾಲಿನಲ್ಲಿ ಅದು ಮಾಮೂಲಿ ಹಾಲಿಗಿಂತ ಜಾಸ್ತಿ. ಅದೇ ಪ್ರೋಟೀನು ನಮ್ಮ ಕಣ್ಣೀರಿನಲ್ಲೂ ಎಂಜಲಿನಲ್ಲೂ ಇದೆ. ಆದರೆ ‘ಗಿಣ್ಣು ತಿಂದವರಿಗೆ ಫಂಗಸ್ ತಾಗದು’ ಅನ್ನುವ ಸಾಲು ಹೊಡೆದು ಹಾಕಿದ್ದೇನೆ. ಹಬೆಯಲ್ಲಿ ಬೆಂದು ಗಟ್ಟಿಯಾದ ಮೇಲೆ ಆ ಪ್ರೋಟೀನಿನ ಆಕಾರವೇ ಕೆಟ್ಟಿರುತ್ತದೆ.

1944ರ ಪ್ರಯೋಗವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಶೇಡ್ ಮತ್ತು ಕ್ಯಾರೊಲಿನ್ ಅನ್ನುವ ವಿಜ್ಞಾನಿಗಳು ಹಸಿ ಮೊಟ್ಟೆಯ ಬಿಳಿ ಲೋಳೆಯಿಂದ ಬ್ಯಾಕ್ಟೀರಿಯಾ ಜೊತೆ ಯೀಸ್ಟ್ ಬೆಳೆಯುವುದನ್ನೂ ತಡೆದರು, ಕಬ್ಬಿಣ ಬೆರೆಸಿದರೆ ಮತ್ತೆ ಬೆಳೆಯಿತು. ಯೀಸ್ಟ್ ಅಂದರೆ ಫಂಗಸ್ಸೇ ಅಲ್ವಾ? ಇದನ್ನು ಬಿಡಿಸಿ ಬರೆಯಿರಿ.

ಇನ್ನು 2021ರಲ್ಲಿ ನಿಮ್ಮ ಚಿಕ್ಕಪ್ಪನಿಗೆ ಬಂದ ಕಪ್ಪು ಫಂಗಸ್. ಸಕ್ಕರೆ ಏರಿ ರಕ್ತ ಹುಳಿಯಾಗಿತ್ತು ಅಂತ ನೀವೇ ಬರೆದು, ಕೊನೆಗೆ ‘ರೋಗನಿರೋಧಕ ಶಕ್ತಿ ಕುಗ್ಗಿತ್ತು’ ಅಂತ ಸುಮ್ನೆ ದಾಟಿಬಿಟ್ಟಿದ್ದೀರಿ. ಕಥೆ ಇರುವುದೇ ಆ ಹುಳಿಯಲ್ಲಿ! ರಕ್ತ ಹುಳಿಯಾದರೆ ಟ್ರಾನ್ಸ್‌ಫೆರಿನ್ ಹಿಡಿತ ಸಡಿಲವಾಗಿ ಕಬ್ಬಿಣ ಚೆಲ್ಲುತ್ತದೆ, ಈ ರೋಗ ತರುವ ರೈಜೋಪಸ್ ಅನ್ನುವ ಫಂಗಸ್ ಅದಕ್ಕೇ ಕಾದಿರುತ್ತದೆ. ಸ್ಟೀರಾಯ್ಡಿನ ಪಾಲೂ ಇರುತ್ತದೆ, ಅದನ್ನು ಮರೆಮಾಡಬೇಡಿ. ಇನ್ನೊಂದು ಸೇರಿಸಿ: ಮೈಯಲ್ಲಿ ಹೆಚ್ಚಾದ ಕಬ್ಬಿಣ ಹೊರಹಾಕಲು ಡೆಫೆರಾಕ್ಸಮೈನ್ ಅಂತ ಒಂದು ಔಷಧ ಇದೆ. ರೈಜೋಪಸ್ ಆ ಔಷಧ ಹಿಡಿದ ಕಬ್ಬಿಣವನ್ನೂ ಕಸಿದು ತಿನ್ನುತ್ತದೆ, ಹಾಗಾಗಿ ಡಯಾಲಿಸಿಸ್ ರೋಗಿಗಳ ಪೈಕಿ ಅದನ್ನು ತೆಗೆದುಕೊಳ್ಳುತ್ತಿದ್ದವರಲ್ಲೇ ಈ ಸೋಂಕು ಹೆಚ್ಚಾಗಿ ಕಂಡಿತು. ಬೀಗ ಹಾಕಲು ಕರೆಸಿದವನೇ ಕಳ್ಳನಿಗೆ ಕೀಲಿ ಕೊಟ್ಟ ಹಾಗೆ.

ಗಣಿ ಧೂಳು ಉಸಿರಾಡುವವರಿಗೆ ಫಂಗಸ್ ಜಾಸ್ತಿ ಅಂದಿದ್ದೀರಿ. ಆಧಾರ ಕೊಟ್ಟಿಲ್ಲ. ತೆಗೆಯಿರಿ, ಧೂಳಿನ ಸಿಟ್ಟು ನನಗೂ ಇದೆ, ಅದಕ್ಕೆ ಬೇರೆ ಲೇಖನ ಬರೆಯೋಣ.

ಆರು ಪುಟ ಮೂರಾಗಲಿ. ಹೆಸರು ಬದಲಾಯಿಸಿ. ಅಜ್ಜಿ ಬೆಲ್ಲ ಎಷ್ಟು ಹಾಕುತ್ತಿದ್ದರು ಅಂತಲೂ ಬರೆಯಿರಿ, ನಮ್ಮ ಮನೆಯಲ್ಲಿ ಗಿಣ್ಣು ಮಾಡಿದಾಗೆಲ್ಲ ಅದೇ ಜಗಳ.