ತಮ್ಮನನ್ನು ಕಳಿಸುವ ಮೊದಲು ಪಹಣಿ ತೆಗೆಸಿ

ತಂಗಿ, ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ.

ವಿಷಯ ಇಷ್ಟು. ನೀವು ಮದುವೆಯಾಗಿ ಕಲಬುರಗಿಯಲ್ಲಿದ್ದೀರಿ. ತಮ್ಮನಿಗೆ 32 ವರ್ಷ, ಹುಟ್ಟಿನಿಂದ ಬುದ್ಧಿಮಾಂದ್ಯತೆ. ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಅವ್ವನ ಜೊತೆ ಇದ್ದಾನೆ. ಅವ್ವನಿಗೆ ಮೊಣಕಾಲು ನೋವು, ಮೊದಲಿನ ಹಾಗೆ ಆಗುತ್ತಿಲ್ಲ. ಪುಣೆ ಕಡೆ ಇಂಥವರೂ ಉಳಿದವರೂ ಕೂಡಿ ಬಾಳುವ ಒಂದು ಹಳ್ಳಿ ಇದೆ, ಅಲ್ಲಿ ಬಿಡೋಣ ಎಂದು ಕಾಕಾ ಅವಸರ ಮಾಡುತ್ತಿದ್ದಾರೆ. ಕಳಿಸಿದರೆ ಕೈಬಿಟ್ಟಂತೆ ಆಗುತ್ತದಾ ಎಂಬುದು ನಿಮ್ಮ ಪ್ರಶ್ನೆ.

ಆಗುವುದಿಲ್ಲ. ವಿಯೆನ್ನಾದಿಂದ ಓಡಿಬಂದ ಕಾರ್ಲ್ ಕೋನಿಗ್ ಎಂಬ ಡಾಕ್ಟರು ಮತ್ತು ಅವರ ಜೊತೆಗಾರರು 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರ ಕ್ಯಾಂಪ್‌ಹಿಲ್ ಎಂಬ ಇಂಥ ಬದುಕು ಶುರು ಮಾಡಿದರು. 1955ರಲ್ಲಿ ಇಂಗ್ಲೆಂಡಿನ ಬಾಟನ್‌ನಲ್ಲಿ ವಯಸ್ಸಿಗೆ ಬಂದ ಇಂಥವರಿಗೇ ಒಂದು ಹಳ್ಳಿಯಾಯಿತು. ನೋಡಿಕೊಳ್ಳುವವರೂ ಅದೇ ಮನೆಯಲ್ಲಿ ಇರುತ್ತಿದ್ದರು, ಜೊತೆಗೇ ಕೂತು ಉಣ್ಣುತ್ತಿದ್ದರು. ಹೊಲ, ದನ, ಬೇಕರಿ, ಒಬ್ಬೊಬ್ಬರಿಗೂ ಕೆಲಸ. ಪುಣೆಯ ಜಾಗದಲ್ಲೂ ಅದನ್ನೇ ನೋಡಿ: ರಾತ್ರಿ ಊಟಕ್ಕೆ ಇವರ ಪಕ್ಕದಲ್ಲಿ ಯಾರು ಕೂರುತ್ತಾರೆ? ಗೇಟಿಗೆ ಬೀಗ ಹಾಕಿ ಹೊರಗೆ ಹಳ್ಳಿ ಎಂದು ಬೋರ್ಡು ತೂಗುಹಾಕಿದವರೂ ಇರುತ್ತಾರೆ.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ‘ತಮ್ಮನ ಹೆಸರಿಗಿರುವ ನಾಲ್ಕು ಎಕರೆ ತೊಗರಿ ಹೊಲ ಕಾಕಾನೇ ಮಾಡುತ್ತಾರೆ’ ಎಂದು ನಡುವೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ತೊಗರಿ ಮಾರಿದ ದುಡ್ಡು ಎಲ್ಲಿ? ಅವ್ವನಿಗೆ ಎಷ್ಟು ಬಂತು? ಪತ್ರದಲ್ಲಿ ಒಂದಕ್ಷರ ಇಲ್ಲ. ಹೊಲದ ಒಡೆಯ ಊರು ಬಿಟ್ಟರೆ ಯಾರಿಗೆ ಅನುಕೂಲ, ನೀವೇ ಯೋಚಿಸಿ. ನಿಮ್ಮ ಅವ್ವನನ್ನು ನಾನು ಬೈಯುವುದಿಲ್ಲ, ಇಷ್ಟು ವರ್ಷ ಆಕೆ ಸಾಕಿದ್ದಾಳೆ. ಕಾಕಾನ ಅವಸರ ಮಾತ್ರ ನನಗೆ ಸರಿ ಕಾಣುತ್ತಿಲ್ಲ.

ಹಾಗಾಗಿ ಮಾಡಬೇಕಾದ ಕೆಲಸ ಒಂದೇ. ಪಹಣಿ ತೆಗೆಸಿ, ತಮ್ಮನ ಅಂಗವಿಕಲರ ಕಾರ್ಡು ಹಿಡಿದು, ಅವ್ವನನ್ನು ಕರೆದುಕೊಂಡು ಡಿಸಿ ಆಫೀಸಿಗೆ ಹೋಗಿ. ತಮ್ಮನಂಥವರಿಗಾಗಿ ಇರುವ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ, ಡಿಸಿ ಅದರಲ್ಲಿರುತ್ತಾರೆ. ನಿಮ್ಮನ್ನು ತಮ್ಮನ ಗಾರ್ಡಿಯನ್, ಅಂದರೆ ಅವನನ್ನೂ ಅವನ ಆಸ್ತಿಯನ್ನೂ ಕಾನೂನಿನ ಪ್ರಕಾರ ನೋಡಿಕೊಳ್ಳುವವರು, ಮಾಡಲು ಅವ್ವನಿಂದ ಆ ಸಮಿತಿಗೆ ಅರ್ಜಿ ಕೊಡಿಸಿ. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಹೊಲಮನೆಯ ಪಟ್ಟಿ ಒಪ್ಪಿಸಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಈ ಅರ್ಜಿ ಸಂಬಂಧಿಕರು ಯಾರು ಬೇಕಾದರೂ ಕೊಡಬಹುದು, ಕಾಕಾ ಕೂಡ. ಅದಕ್ಕೇ ತಡ ಮಾಡಬೇಡಿ.

ಪುಣೆ ಆಮೇಲೆ. ಹೋಗುವಾಗ ತಮ್ಮನನ್ನೂ ಕರೆದುಕೊಂಡು ಹೋಗಿ, ನಾಲ್ಕು ದಿನ ಇಬ್ಬರೂ ಅಲ್ಲೇ ಉಳಿಯಿರಿ. ಇಷ್ಟುದ್ದದ ಪತ್ರದಲ್ಲಿ ಅವನಿಗೇನು ಬೇಕು ಎಂಬುದು ಎಲ್ಲೂ ಇಲ್ಲ, ಗೊತ್ತಾ? ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜಾಸ್ತಿ ಹೀಗೇ ಇರುತ್ತದೆ. ಮಾತಲ್ಲಿ ಹೇಳದಿದ್ದರೂ ಊಟ, ನಿದ್ದೆ ನೋಡಿದರೆ ನಿಮಗೆ ತಿಳಿಯುತ್ತದೆ.

ಕಾಕಾನಿಗೆ ಸದ್ಯ ಏನೂ ಹೇಳಬೇಡಿ.