ಕಾರಿನ ಬೆಲೆಗಿಂತ ಸಾಲವೇ ಹೆಚ್ಚು: ಈಗ ಮಾರಬಹುದೇ?

ಪ್ರಶ್ನೆ: ನಾನು ಬ್ರಹ್ಮಾವರದವನು. ಮಂಗಳೂರಿನ ಕಚೇರಿಗೆ ದಿನವೂ ಹೋಗಿ ಬರಲೆಂದು 2024ರಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕದಾದ, 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರೊಂದನ್ನು ಕೊಂಡೆ. ಎಕ್ಸ್-ಶೋರೂಂ ಬೆಲೆ 9.60 ಲಕ್ಷ ರೂಪಾಯಿ. ಶೇ 9.5ರ ಸ್ಥಿರ ಬಡ್ಡಿಗೆ ಏಳು ವರ್ಷದ ಅವಧಿಗೆ 11 ಲಕ್ಷ ಸಾಲ ಮಾಡಿದ್ದು, ತಿಂಗಳಿಗೆ 17,978 ರೂಪಾಯಿಯಂತೆ 24 ಕಂತುಗಳನ್ನು ತಪ್ಪದೆ ಕಟ್ಟಿದ್ದೇನೆ. ಈಗ ಕೆಲಸ ಮಣಿಪಾಲಕ್ಕೆ ಬದಲಾಗಿದೆ, ನನಗೆ ಸ್ಕೂಟರ್ ಸಾಕು. ಆದರೆ ಬ್ಯಾಂಕಿನಲ್ಲಿ ಇನ್ನೂ 8.56 ಲಕ್ಷ ಬಾಕಿ ಇದೆ. 66,000 ಕಿಲೋಮೀಟರ್ ಓಡಿರುವ ಕಾರಿಗೆ ಮಂಗಳೂರಿನ ವ್ಯಾಪಾರಿ 6.70 ಲಕ್ಷಕ್ಕಿಂತ ಹೆಚ್ಚು ಹೇಳುತ್ತಿಲ್ಲ. ಪರಿಚಯದ ಬ್ರೋಕರ್ ಒಬ್ಬರು, 50 ಸಾವಿರ ನಗದು ಕೊಟ್ಟು ಉಳಿದ ಕಂತುಗಳನ್ನು ತಾವೇ ಕಟ್ಟಿಕೊಂಡು ಹೋಗುವ ಗಿರಾಕಿ ಇದ್ದಾರೆ, ಛಾಪಾ ಕಾಗದದಲ್ಲಿ ಕರಾರು ಮಾಡಿಕೊಂಡರೆ ಸಾಕು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಬ್ರೋಕರ್ ಹೇಳಿದ ಗಿರಾಕಿಯ ವಿಚಾರವನ್ನೇ ನೋಡೋಣ. ಪೇಟೆಯಲ್ಲಿ 6.70 ಲಕ್ಷಕ್ಕೆ ಸಿಗುವ ಕಾರಿಗಾಗಿ 50 ಸಾವಿರ ಕೈಯಿಂದ ಕೊಟ್ಟು, ಅದರ ಮೇಲೆ 8.56 ಲಕ್ಷದ ಸಾಲವನ್ನೂ ಬಡ್ಡಿಸಹಿತ ತೀರಿಸಲು ಒಬ್ಬರು ಮುಂದೆ ಬರುತ್ತಾರೆಂದರೆ, ಅವರಿಗೆ ಲೆಕ್ಕ ಬಾರದು, ಇಲ್ಲವೇ ಕೊನೆಯ ಕಂತಿನವರೆಗೆ ಕಟ್ಟುವ ಯೋಚನೆ ಅವರಿಗಿಲ್ಲ. ವಾಹನ ಸಾಲಗಳನ್ನು ಹತ್ತಿರದಿಂದ ನೋಡಿದ ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆರ್‌ಸಿಯಲ್ಲಿ, ಅಂದರೆ ವಾಹನದ ನೋಂದಣಿ ಪತ್ರದಲ್ಲಿ, ಮಾಲೀಕರ ಹೆಸರು ಬದಲಾಗದು; 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮು ಇರುವುದೇ ಇದಕ್ಕಾಗಿ. ಛಾಪಾ ಕಾಗದದ ಕರಾರು ನಿಮ್ಮಿಬ್ಬರ ನಡುವಿನ ಮಾತೇ ಹೊರತು ಬ್ಯಾಂಕನ್ನಾಗಲಿ ಆರ್‌ಟಿಒವನ್ನಾಗಲಿ ಕಟ್ಟಿಹಾಕುವುದಿಲ್ಲ. ಗಿರಾಕಿ ನಾಲ್ಕು ಕಂತು ಕಟ್ಟಿ ನಿಲ್ಲಿಸಿದರೆ ಕೆಡುವುದು ನಿಮ್ಮ ಸಿಬಿಲ್ ದಾಖಲೆ, ಅಂದರೆ ಸಾಲ ಮರುಪಾವತಿಯ ಚರಿತ್ರೆ. ಬ್ಯಾಂಕಿನವರು ಬಾಗಿಲು ತಟ್ಟಿದಾಗ ತೋರಿಸಲು ನಿಮ್ಮ ಬಳಿ ಕಾರೂ ಇರುವುದಿಲ್ಲ. ಅಡವಿಟ್ಟ ವಾಹನವನ್ನು ತಿಳಿಸದೆ ಪರಭಾರೆ ಮಾಡಿದ್ದಕ್ಕೆ ಬ್ಯಾಂಕು ಪೊಲೀಸ್ ದೂರು ಕೊಡುವುದೂ ಉಂಟು.

ಇದಕ್ಕಿಂತ ದೊಡ್ಡ ಅಪಾಯ ರಸ್ತೆಯಲ್ಲಿದೆ. ವಾಹನ ಕೈಯಿಂದ ಕೈಗೆ ದಾಟಿ ಹೋಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೊಸಬರು ವಿಮೆ ನವೀಕರಿಸದೆ ಎಲ್ಲೋ ಘಟ್ಟದ ಮೇಲೆ ಯಾರಿಗಾದರೂ ಗುದ್ದಿದರೆ ನ್ಯಾಯಾಲಯದ ನೋಟಿಸು ಬರುವುದು ಬ್ರಹ್ಮಾವರದ ನಿಮ್ಮ ಮನೆಗೆ. ಆದ್ದರಿಂದ ಬ್ರೋಕರಿಗೆ ಇಂದೇ ಬೇಡವೆಂದು ಹೇಳಿಬಿಡಿ.

ಇನ್ನು, ಎರಡು ವರ್ಷ ತಪ್ಪದೆ ಕಟ್ಟಿಯೂ ಸಾಲ ಹೀಗೇಕೆ ನಿಂತಿದೆ ಎಂಬುದನ್ನು ತಿಳಿಯದೆ ಮುಂದಿನ ತೀರ್ಮಾನ ಮಾಡುವಂತಿಲ್ಲ. ನೀವು ಈವರೆಗೆ ಕಟ್ಟಿದ ಸುಮಾರು 4.31 ಲಕ್ಷದಲ್ಲಿ 1.87 ಲಕ್ಷ ಬಡ್ಡಿಗೇ ಹೋಗಿದ್ದು, ಅಸಲಿನಲ್ಲಿ ಇಳಿದದ್ದು 2.44 ಲಕ್ಷ ಮಾತ್ರ. ಕಾರಿನ ಬೆಲೆಯಾದರೋ ಇದಕ್ಕಿಂತ ವೇಗವಾಗಿ ಇಳಿದಿದೆ. ನೀವು ಸಾಲ ಮಾಡಿದ್ದು ಆನ್-ರೋಡ್ ಮೊತ್ತಕ್ಕೆ, ಅಂದರೆ ಶೋರೂಂ ಬೆಲೆಗೆ ತೆರಿಗೆ, ವಿಮೆ ಎಲ್ಲ ಸೇರಿದ ಮೊತ್ತಕ್ಕೆ. ಕರ್ನಾಟಕದಲ್ಲಿ ನಿಮ್ಮ ಬೆಲೆಯ ಕಾರಿಗೆ ಶೇ 14ರಷ್ಟು ಜೀವಾವಧಿ ತೆರಿಗೆಯೂ ಅದರ ಮೇಲೆ ಸೆಸ್ಸೂ ಇದ್ದು, ಆ ಹಣವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಿಮಗೆ ಮರಳಿಸುವುದಿಲ್ಲ. ಇದರ ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಇಂಥ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ, ಸೆಸ್ ಸೇರಿ ಶೇ 29 ಇದ್ದದ್ದು, ಶೇ 18ಕ್ಕೆ ಇಳಿಯಿತು. ತೆರಿಗೆಯ ಲೆಕ್ಕದಲ್ಲೇ 9.60 ಲಕ್ಷದ ಕಾರು ಸುಮಾರು 82 ಸಾವಿರ ಅಗ್ಗವಾಗಬೇಕು. ಹೊಸ ಕಾರು ಅಗ್ಗವಾದಾಗ ಹಳೆಯದರ ಬೆಲೆಯೂ ಜೊತೆಗೇ ಇಳಿಯುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಹೀಗೆ ನೋಡಿದರೆ ನಷ್ಟವು ಮಾರುವುದರಿಂದ ಆಗುವಂಥದ್ದಲ್ಲ, ಆಗಲೇ ಆಗಿಹೋಗಿದೆ. ಅದರ ಭಾರವನ್ನು ಯಾವ ರೂಪದಲ್ಲಿ ಎಷ್ಟು ಕಾಲ ಹೊರುತ್ತೀರಿ ಎಂಬುದಷ್ಟೇ ಈಗ ನಿಮ್ಮ ಕೈಯಲ್ಲಿದೆ. ಬಾಕಿಗೂ ಬೆಲೆಗೂ ಇರುವ ಅಂತರ 1.86 ಲಕ್ಷ. ಸ್ಥಿರ ಬಡ್ಡಿಯ ಸಾಲವಾದ್ದರಿಂದ ಅವಧಿಗೆ ಮುನ್ನ ತೀರಿಸಿದರೆ ಶುಲ್ಕವಿರುತ್ತದೆ; ನಿಮ್ಮ ಕರಾರುಪತ್ರದಲ್ಲಿ ಅದು ಶೇ 4 ಎಂದಿದ್ದರೆ, ಶುಲ್ಕದ ಮೇಲಿನ ಜಿಎಸ್‌ಟಿ ಸೇರಿ 40 ಸಾವಿರ ದಾಟುತ್ತದೆ. ಅಂದರೆ ನೀವು ಹೊಂದಿಸಬೇಕಾದದ್ದು ಸುಮಾರು 2.26 ಲಕ್ಷ. ಶುಲ್ಕ ಎಷ್ಟೆಂದು ಪತ್ರ ತೆಗೆದು ನೋಡಿ; ಮ್ಯಾನೇಜರ ಬಳಿ ಕುಳಿತು ಕೇಳಿದರೆ ಸ್ವಲ್ಪ ಕಡಿಮೆ ಮಾಡುವುದೂ ಇದೆ.

ಈ ಮೊತ್ತವನ್ನು ಎಲ್ಲಿಂದ ತರುವುದು? ಉಳಿತಾಯವಿದ್ದರೆ ಬೇರೆ ಯೋಚನೆ ಬೇಡ, ಶೇ 6-7 ಬಡ್ಡಿ ತರುವ ಠೇವಣಿಯನ್ನು ಇಟ್ಟುಕೊಂಡು ಶೇ 9.5ರ ಸಾಲ ಹೊರುವುದು ಲಾಭದ ಮಾತಲ್ಲ. ಇಲ್ಲದಿದ್ದರೆ ಮನೆಯಲ್ಲಿರುವ ಚಿನ್ನದ ಮೇಲಿನ ಸಾಲ, ಸಾಮಾನ್ಯವಾಗಿ ವೈಯಕ್ತಿಕ ಸಾಲಕ್ಕಿಂತ ಅಗ್ಗ. ಪಿಗ್ಮಿ ಠೇವಣಿ ಹುಟ್ಟಿದ ಊರು ಉಡುಪಿ. ನಿಮ್ಮಲ್ಲಿ ಸಹಕಾರಿ ಸಂಘಗಳಿಗೂ ಬ್ಯಾಂಕುಗಳಿಗೂ ಕೊರತೆಯಿಲ್ಲ, ನಾಲ್ಕು ಕಡೆ ಬಡ್ಡಿ ವಿಚಾರಿಸಿ. ಶೇ 10ರಂತೆ 2.26 ಲಕ್ಷವನ್ನು ಎರಡು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 10,450 ರೂಪಾಯಿ ಬೀಳುತ್ತದೆ. ಇನ್ನೂ ಐದು ವರ್ಷ ಕಟ್ಟಬೇಕಾದ 17,978ರ ಜೊತೆ ಇದನ್ನು ಹೋಲಿಸಿ. ಮೇಲಿಂದ ವಿಮೆ, ಸರ್ವಿಸ್, ಟಯರಿನ ಖರ್ಚೂ ಉಳಿಯುತ್ತದೆ. ಶೋರೂಮಿನವರು, ಹಳೆಯ ಬಾಕಿಯನ್ನು ಹೊಸ ಕಾರಿನ ಸಾಲಕ್ಕೇ ಸೇರಿಸಿಕೊಡುತ್ತೇವೆ ಎಂದು ಕರೆದರೆ ಮಾತ್ರ ಹೋಗಬೇಡಿ, ಇದೇ ಗುಂಡಿಯನ್ನು ಇನ್ನಷ್ಟು ಆಳ ಮಾಡಿಕೊಂಡಂತಾಗುತ್ತದೆ.

ಒಂದು ವರ್ಷ ಕಾಯಬಹುದಲ್ಲ ಎಂದು ನೀವು ಕೇಳಬಹುದು. ಇನ್ನು 12 ಕಂತು ಕಟ್ಟಿದರೆ ಬಾಕಿ 7.16 ಲಕ್ಷಕ್ಕೆ ಇಳಿಯುತ್ತದೆ, ನಿಜ. ಆದರೆ ಆ ವರ್ಷದ ಬಡ್ಡಿಯೇ 75 ಸಾವಿರ, ಕಾರಿನ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಕಾರನ್ನು ನಿಜವಾಗಿ ಬಳಸುವವರಿಗೆ ಕಾಯುವುದು ಒಪ್ಪುವ ಮಾತು, ಅಂಗಳದಲ್ಲಿ ನಿಲ್ಲಿಸಿಡುವವರಿಗಲ್ಲ. ಹಾಗೂ ಉಳಿಸಿಕೊಳ್ಳುವುದಾದರೆ ವಿಮೆಯ ಕಡೆ ಗಮನವಿರಲಿ: ಎರಡರಿಂದ ಮೂರು ವರ್ಷದ ಕಾರಿಗೆ ವಿಮೆಯಲ್ಲಿ ಶೇ 30ರಷ್ಟು ಸವಕಳಿ ಕಳೆಯುವುದರಿಂದ, ಮಳೆಗಾಲದ ನೆರೆಯಲ್ಲಿ ಕಾರು ಪೂರ್ತಿ ಹಾಳಾದರೆ ಬರುವ ಹಣ ಸಾಲಕ್ಕೆ ಸಾಲದು.

ಮಾರುವ ಮುನ್ನ ಕನಿಷ್ಠ ಮೂರು ಕಡೆ ಬೆಲೆ ಕೇಳಿ. ಕರಾವಳಿಯ ಕಾರೆಂದರೆ ವ್ಯಾಪಾರಿ ಮೊದಲು ಬಗ್ಗಿ ನೋಡುವುದು ಅಡಿಭಾಗದ ತುಕ್ಕನ್ನು, ಆದ್ದರಿಂದ ತೊಳೆಸಿ, ಸರ್ವಿಸ್ ದಾಖಲೆ ಹಿಡಿದುಕೊಂಡೇ ಹೋಗಿ. ಆಟಿ ತಿಂಗಳಲ್ಲಿ (ತುಳುನಾಡಿನ ಆಷಾಢ) ಕೊಳ್ಳುವವರು ಕಡಿಮೆ. ನವರಾತ್ರಿಗೆ ಮುಂಚಿನ ವಾರಗಳಲ್ಲಿ ಕೇಳುವವರು ಹೆಚ್ಚು. ನೇರ ಗಿರಾಕಿ ಸಿಕ್ಕಿದರೆ ವ್ಯಾಪಾರಿಗಿಂತ ಮೂವತ್ತು ನಲವತ್ತು ಸಾವಿರ ಹೆಚ್ಚೇ ಬಂದೀತು, ಆದರೆ ಆತ ನಿಮ್ಮ ಬ್ಯಾಂಕಿನ ಕೆಲಸ ಮುಗಿಯುವವರೆಗೆ ಕಾಯುವ ತಾಳ್ಮೆಯುಳ್ಳವನಾಗಿರಬೇಕು.

ಬೆಲೆ ಕುದುರಿದ ಮೇಲೆ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ, ಅಂದರೆ ಅವಧಿಗೆ ಮುನ್ನ ಸಾಲ ಮುಚ್ಚಲು ಎಷ್ಟು ಕಟ್ಟಬೇಕೆಂದು ತಿಳಿಸುವ ಪತ್ರ, ಪಡೆಯಿರಿ. ಅದರಲ್ಲಿ ನಿರ್ದಿಷ್ಟ ದಿನಾಂಕದ ಮೊತ್ತವಿರುತ್ತದೆ; ನಿಮ್ಮ ಸಾಲಕ್ಕೆ ದಿನವೊಂದಕ್ಕೆ ಸುಮಾರು 223 ರೂಪಾಯಿ ಬಡ್ಡಿ ಸೇರುತ್ತಾ ಹೋಗುವುದರಿಂದ ವಾರ ಕಳೆದು ಹಳೆಯ ಪತ್ರದ ಮೊತ್ತ ಕಟ್ಟಿದರೆ ಸಾಲ ಮುಚ್ಚುವುದಿಲ್ಲ. ಕೊಳ್ಳುವವರ ಹಣ ನಿಮ್ಮ ಕೈಗೆ ಬರುವುದರ ಬದಲು ನೇರವಾಗಿ ಸಾಲದ ಖಾತೆಗೇ ಹೋಗಲಿ, ನಿಮ್ಮ ಪಾಲನ್ನು ನೀವು ಅದೇ ದಿನ ತುಂಬಿ. ಇಬ್ಬರಿಗೂ ಅದೇ ಕ್ಷೇಮ. ಸಾಲದ ಜೊತೆ ಸಾಲರಕ್ಷಾ ವಿಮೆಯ ಕಂತನ್ನೂ ಹಿಡಿದಿದ್ದರೆ, ಉಳಿದ ಅವಧಿಯ ಹಣ ಮರಳಿಸಿ ಎಂದು ಲಿಖಿತವಾಗಿ ಕೇಳಿ. ಇದನ್ನು ತಾವಾಗಿ ನೆನಪಿಸುವ ಬ್ಯಾಂಕು ಅಪರೂಪ.

ಸಾಲ ಮುಚ್ಚಿದ ಮೇಲೆ ಎನ್‌ಒಸಿಯೂ (ನಿರಾಕ್ಷೇಪಣಾ ಪತ್ರ) ಬ್ಯಾಂಕು ಸಹಿ ಮಾಡಿದ ನಮೂನೆ 35ರ ಪ್ರತಿಗಳೂ ನಿಮಗೆ ಸಿಗುತ್ತವೆ. ಅವುಗಳಿಂದ ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸಿ, ನಮೂನೆ 29 ಮತ್ತು 30ರ ಮೂಲಕ ಮಾಲೀಕತ್ವ ವರ್ಗಾಯಿಸಬೇಕು. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸುವುದು ನಿಮ್ಮ ಕರ್ತವ್ಯ. ಫಾಸ್ಟ್ಯಾಗ್ ರದ್ದುಮಾಡಿ. ಈವರೆಗೆ ವಿಮಾ ಕ್ಲೇಮು ಮಾಡಿಲ್ಲವಾದರೆ ನೋ ಕ್ಲೇಮ್ ಬೋನಸ್ ನಿಮ್ಮದೇ, ವಿಮಾ ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಇನ್ನೊಂದು ಕಾರು ಕೊಂಡಾಗ ಬಳಸಬಹುದು. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು ನೋಡಿ, ಖಾತೆಯ ಮುಂದೆ ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂದರೆ ಬಾಕಿಯ ಒಂದು ಭಾಗವನ್ನು ಬ್ಯಾಂಕು ಬಿಟ್ಟುಕೊಟ್ಟಿತೆಂಬ ಅರ್ಥ; ಹಾಗಿದ್ದರೆ ಪೂರ್ತಿ ಕಟ್ಟಿದ ರಸೀದಿಯ ಸಮೇತ ತಕ್ಷಣ ಬ್ಯಾಂಕಿಗೆ ಬರೆಯಿರಿ.